ಕಾರ್ಡಿನಲ್ಲಿಲ್ಲದ ಅಕ್ಕ

ಹತ್ತನೇ ತರಗತಿಯ ವರ್ಷ ನಮ್ಮ ಮನೆಯಲ್ಲಿ ವಿದ್ಯಾರ್ಥಿವೇತನಗಳನ್ನು ಹುಡುಕುವ ಕೆಲಸ ಅಕ್ಕನದು, ಅವು ನಮಗೆ ಸಿಗುವುದಿಲ್ಲ ಎಂದು ಹೇಳುವ ಕೆಲಸ ನನ್ನದು. ಇಬ್ಬರೂ ನಮ್ಮ ನಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದೆವು. ಬಹಳ ದಿನ ನನ್ನ ಮಾತೇ ನಿಜವಾಗುತ್ತ ಬಂತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಪುಣೆ ಹತ್ತಿರದ ನಿಗಡಿಯಲ್ಲಿ ಎರಡು ಕೋಣೆಯ ಮನೆ. ಅಪ್ಪ ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತ. ಆ ವರ್ಷ ದೀಪಾವಳಿ ಮುಗಿದ ಮೇಲೆ ಮಾಲೀಕರಿಗೂ ಯೂನಿಯನ್ನಿಗೂ ಜಗಳವಾಗಿ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅಪ್ಪ ಚಿಂಚವಾಡದಲ್ಲಿ ನಮ್ಮ ಕಡೆಯವರೇ ಒಬ್ಬರ ಅಂಗಡಿಯಲ್ಲಿ ಬಿಲ್ ಬರೆಯಲು ಕೂತರು. ಒಂದು ದಿನ ಊಟಕ್ಕೆ ಕೂತಾಗ, ತಲೆ ಎತ್ತದೆ, ನಮ್ಮಿಬ್ಬರಿಗೂ ಒಟ್ಟಿಗೇ ಹೇಳಿದರು: “ಸ್ಕಾಲರ್‌ಶಿಪ್ ಯಾರಿಗೆ ಸಿಗ್ತದ ಅವರು ಕಾಲೇಜಿಗೆ ಹೋಗ್ರಿ. ಇನ್ನೊಬ್ಬಾಕಿದು ಮುಂದ ನೋಡೂಣು.” ನಮ್ಮ ಮನೆಯಲ್ಲಿ ‘ಮುಂದ ನೋಡೂಣು’ ಎಂದರೆ ಇಲ್ಲ ಎಂದೇ ಅರ್ಥ. ಸೈಕಲ್, ಟಿ.ವಿ., ಇನ್ನೊಂದು ಕೋಣೆ, ಎಲ್ಲವನ್ನೂ ನಾವು ಮುಂದೆ ನೋಡುತ್ತಲೇ ಇದ್ದೆವು.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಆದರೆ ನನ್ನ ತರಗತಿಯಲ್ಲೇ ಇದ್ದಳು. ನಾನು ಹುಟ್ಟಿದಾಗ ಅವ್ವನಿಗೆ ಮೈ ನೆಟ್ಟಗಿರಲಿಲ್ಲವೆಂದು ಅಕ್ಕನನ್ನು ಅವ್ವನ ತವರಿನಲ್ಲೇ, ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬಿಟ್ಟು ಬಂದಿದ್ದರು. ಅವ್ವನ ಅವ್ವನನ್ನು ನಮ್ಮ ಕಡೆ ಆಯಿ ಅನ್ನುತ್ತೇವೆ. ಆರು ತಿಂಗಳಿಗೆಂದು ಬಿಟ್ಟವಳು ಆಯಿಯ ಹತ್ತಿರ ಎಂಟು ವರ್ಷ ಇದ್ದಳು. ಕೊನೆಗೆ ಅಪ್ಪ ಹೋಗಿ ಕರೆತಂದಾಗ ಅವಳಿಗೆ ಹತ್ತು ವರ್ಷ, ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ಶಾಲೆಯವರು ಎರಡು ತರಗತಿ ಹಿಂದೆ ತಳ್ಳಿ, ಮೂರನೆಯದರಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಮೊದಲ ವರ್ಷ ನಾನೇ ಅವಳ ದುಭಾಷಿ. ಆ ದೊಡ್ಡಸ್ತಿಕೆ ಒಂದೇ ವರ್ಷದ್ದು. ಐದನೆಯ ತರಗತಿಗೆ ಬರುವ ಹೊತ್ತಿಗೆ ಮರಾಠಿ ನಿಬಂಧವನ್ನು ಟೀಚರು ಬಾಯಿ ಚಪ್ಪರಿಸುತ್ತ ಓದಿ ತೋರಿಸುತ್ತಿದ್ದದ್ದು ಅವಳ ನೋಟ್‌ಬುಕ್ಕಿನಿಂದ. ಆಮೇಲೆ ಒಂದು ಪರೀಕ್ಷೆಯಲ್ಲೂ ನಾನು ಅವಳ ಹತ್ತಿರ ಸುಳಿಯಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಇರಲಿಲ್ಲ ಎಂದರೆ ಈಗ ಯಾರೂ ನಂಬಬೇಕಾಗಿಲ್ಲ.

ಅಕ್ಕ ಪ್ರತಿ ಶನಿವಾರ ಸಾರ್ವಜನಿಕ ವಾಚನಾಲಯಕ್ಕೆ ಹೋಗಿ ವಾರದ ಪೇಪರುಗಳನ್ನೆಲ್ಲ ತಿರುವಿ ಹಾಕುತ್ತಿದ್ದಳು. ಜಾಹೀರಾತು ಕತ್ತರಿಸಿಕೊಳ್ಳುವ ಹಾಗಿಲ್ಲ, ಆದ್ದರಿಂದ ನಿಂತೇ ಬರೆದುಕೊಳ್ಳುತ್ತಿದ್ದಳು: ಯಾವ ಟ್ರಸ್ಟು, ಯಾವ ವಿಳಾಸ, ಯಾರಿಗೆ ಕೊಡುತ್ತಾರೆ, ಕೊನೆಯ ದಿನ ಯಾವುದು. ನಂತರ ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆಯ ಮೇಲೆ ನಮ್ಮದೇ ವಿಳಾಸ ಬರೆದು, ಅದನ್ನು ಇನ್ನೊಂದು ಲಕೋಟೆಯಲ್ಲಿ ಮಡಚಿ ಹಾಕಿ, ಫಾರ್ಮು ಕಳಿಸಿರೆಂದು ಕೇಳುತ್ತಿದ್ದಳು. ಅವಳದೇ ಕೈಬರಹದ ಲಕೋಟೆಗಳು ವಾರಕ್ಕೊಂದರಂತೆ ಅವಳಿಗೇ ಬರುತ್ತಿದ್ದವು. ಒಂದು ಟ್ರಸ್ಟು ಕೊಡುತ್ತಿದ್ದದ್ದು ತಮ್ಮ ಜಾತಿಯವರಿಗೆ ಮಾತ್ರ. ಇನ್ನೊಂದು, ತೀರಿಕೊಂಡ ಸೈನಿಕರ ಮಕ್ಕಳಿಗೆ. ಕನ್ನಡದವರ ಸಂಘವೊಂದು ಕನ್ನಡ ಶಾಲೆಯಲ್ಲಿ ಓದಿದವರಿಗೆ ಕೊಡುತ್ತಿತ್ತು, ನಾವು ಓದಿದ್ದು ಮರಾಠಿ ಶಾಲೆಯಲ್ಲಿ. ಮಹಾರಾಷ್ಟ್ರದವರಿಗೆಂದು ಇದ್ದದ್ದಕ್ಕೆ ಅಕ್ಕ ಹುಟ್ಟಿದ್ದು ಕರ್ನಾಟಕದ ಆ ಹಳ್ಳಿಯಲ್ಲಿ ಎಂಬುದು ಅಡ್ಡ ಬಂತು. “ನಿನಗ ಸಿಗೂದು ಅಂದ್ರ ಒಂದೇ, ಲಕೋಟಿ,” ಎಂದು ನಾನು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು, ನಕ್ಕು ಇನ್ನೊಂದಕ್ಕೆ ಬರೆಯುತ್ತಿದ್ದಳು.

ಫಾರ್ಮು ಬಂದರೆ ಮುಗಿಯಲಿಲ್ಲ. ಪ್ರತಿಯೊಂದು ಝೆರಾಕ್ಸಿನ ಮೇಲೂ ಸರಕಾರಿ ಅಧಿಕಾರಿಯ ಸಹಿ, ಮೊಹರು ಬೇಕು. ನಮಗೆ ಗೊತ್ತಿದ್ದ ಒಬ್ಬರೇ ಅಧಿಕಾರಿ ದನದ ದವಾಖಾನೆಯ ಡಾಕ್ಟರು. ಎಮ್ಮೆಯೊಂದರ ಕಾಲು ನೋಡುತ್ತಿದ್ದವರು ಕೈ ತೊಳೆದು ಬಂದು, ನಾವು ಸದ್ಗುಣಿಗಳೆಂದೂ ನಮ್ಮ ಕಾಗದಪತ್ರ ಮೂಲಪ್ರತಿಗೆ ಸರಿಹೊಂದುತ್ತವೆಯೆಂದೂ ಬರೆದುಕೊಟ್ಟರು. ಎಮ್ಮೆಯ ಯಜಮಾನ ಅಷ್ಟು ಹೊತ್ತು ಸುಮ್ಮನೆ ಕಾದ.

ಫೆಬ್ರವರಿಯಲ್ಲಿ ಅಕ್ಕನಿಗೆ ನಮಗೆ ಹೊಂದುವಂಥ ಒಂದು ಟ್ರಸ್ಟು ಸಿಕ್ಕಿತು. ಪುಣೆಯ ಪೇಟೆಯೊಂದರ ಹಳೆಯ ವಾಡೆಯಲ್ಲಿ ಅದರ ಕಚೇರಿ. ಜಾತಿ ಕೇಳುವುದಿಲ್ಲ, ಹುಟ್ಟಿದ ಊರು ಕೇಳುವುದಿಲ್ಲ. ಹನ್ನೊಂದನೆಯ ತರಗತಿಯಿಂದ ಪದವಿಯವರೆಗೆ, ಐದು ವರ್ಷ, ಫೀ, ಪುಸ್ತಕ, ರೈಲಿನ ಪಾಸು ಎಲ್ಲ ಅವರದೇ. ಷರತ್ತು ಎರಡು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕುಟುಂಬದವರು ಯಾರು ಯಾರು ಎಂಬುದಕ್ಕೆ ರೇಷನ್ ಕಾರ್ಡಿನ ಪ್ರತಿ ಬೇಕು. ಅದನ್ನು ಓದಿ ಹೇಳುತ್ತಿದ್ದ ಅಕ್ಕ ಎರಡನೆಯ ಷರತ್ತಿಗೆ ಬಂದಾಗ ನಿಂತಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

ನಮ್ಮ ರೇಷನ್ ಕಾರ್ಡಿನಲ್ಲಿ ಮೂರೇ ಹೆಸರು. ಅಪ್ಪ, ಅವ್ವ, ನಾನು. ಅಕ್ಕನ ಹೆಸರು ಆಗಲೂ ಆಯಿಯ ಕಾರ್ಡಿನಲ್ಲೇ ಇತ್ತು. ಪುಣೆಗೆ ಕರೆತಂದ ವರ್ಷವೇ ಅಲ್ಲಿಂದ ತೆಗೆಸಿ ಇಲ್ಲಿ ಸೇರಿಸಬೇಕಿತ್ತು. ಅಪ್ಪ ಸೇರಿಸಲಿಲ್ಲ. ಅಕ್ಕನ ಪಾಲಿನ ಸಕ್ಕರೆ, ಚಿಮಣಿ ಎಣ್ಣೆ ಆ ಮನೆಗೆ ಬರುತ್ತಿದ್ದರೆ ಬರಲಿ, ಎಂಟು ವರ್ಷ ಸಾಕಿದ್ದಾರೆ ಎಂಬುದು ಒಂದು. ಅದಕ್ಕೆಂದು ಎರಡು ರಜೆ ಹಾಕಬೇಕು ಎಂಬುದು ಇನ್ನೊಂದು. ಏಳು ವರ್ಷ ಅದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ಅಪ್ಪ ರೇಷನ್ ಆಫೀಸಿಗೆ ಹೋದರು. ಹೆಸರು ಇಲ್ಲಿ ಸೇರಿಸಬೇಕಾದರೆ ಅಲ್ಲಿ ತೆಗೆದದ್ದಕ್ಕೆ ದಾಖಲೆ ತನ್ನಿ ಎಂದರು ಆಫೀಸಿನವರು. ನ್ಯಾಯವಾದ ಮಾತೇ. ಟ್ರಸ್ಟಿನ ಕಚೇರಿಗೂ ಹೋದರು. ಶಾಲೆಯ ದಾಖಲೆ ನಡೆಯುವುದಿಲ್ಲ, ಕಾರ್ಡಿನಲ್ಲಿ ಹೆಸರಿದ್ದರೆ ಅರ್ಜಿ, ಇಲ್ಲದಿದ್ದರೆ ಇಲ್ಲ ಎಂದು ಅಲ್ಲಿನ ಗುಮಾಸ್ತರು ಹೇಳಿದರು. ಅಪ್ಪ ತಾವೂ ಗುಮಾಸ್ತರಾದ್ದರಿಂದ ಎದುರು ವಾದಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಲ್ಲಿ ಅಪ್ಪ, ಅಕ್ಕ, ನಾನು ಸೊಲ್ಲಾಪುರದ ಮೇಲೆ ಹಾಯ್ದು ಆಯಿಯ ಊರಿಗೆ ಹೊರಟೆವು. ಕಾರ್ಡು ಆಯಿಯ ಹೆಸರಿನಲ್ಲಿತ್ತು. ಅವಳು ತಾಲ್ಲೂಕು ಕಚೇರಿಗೆ ಬಂದು ಒಂದು ಹೆಬ್ಬಟ್ಟು ಒತ್ತಿದರೆ ಕೆಲಸ ಆದಂತೆ.

ಆಯಿ ದೊಡ್ಡ ಮಾವನ ಸಂಸಾರದ ಜೊತೆ ಇದ್ದಳು. ಮನೆ ತುಂಬ ಮಂದಿ, ಆದರೆ ಎಲ್ಲದಕ್ಕೂ ಅವಳದೇ ಕೊನೆಯ ಮಾತು. ಅಕ್ಕನನ್ನು ಕಂಡ ಕೂಡಲೇ ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಅವಳ ಗದ್ದ ಹಿಡಿದಳು. ನನ್ನನ್ನು ನೋಡಿ, “ನೀನೂ ಬಂದೀಯೇನ?” ಎಂದಳು. ಮರುದಿನ ಅಪ್ಪ ವಿಷಯ ತೆಗೆದರು. ಕಾರ್ಡು ತರಿಸಿದರು. ಅದರಲ್ಲಿ ಮೂರು ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಎಳೆದಿತ್ತು. ಆಯಿಗೆ ಓದಲು ಬರುತ್ತಿರಲಿಲ್ಲ, ಆದರೆ ಯಾವ ಗೆರೆ ಯಾರದೆಂದು ಗೊತ್ತಿತ್ತು. ಒಂದು ಅಜ್ಜನದು. ಒಂದು ಲಗ್ನವಾಗಿ ಹೋದ ನಮ್ಮ ಅವ್ವನದು. ಮೂರನೆಯದು ಸಣ್ಣ ಮಾವನದು. ಅವನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿತೆಂದು ಆಯಿ ತಾನೇ ಹೋಗಿ ಹೆಬ್ಬಟ್ಟು ಒತ್ತಿ ಹೆಸರು ತೆಗೆಸಿಕೊಟ್ಟಿದ್ದಳು. ತಿಂಗಳು ತುಂಬುವುದರೊಳಗೆ ಬಸ್ಸಿನ ಅಪಘಾತದಲ್ಲಿ ಅವನು ಹೋದ.

“ಜೀವಂತ ಇದ್ದಾಂವನ ಹೆಸರ ಒಮ್ಮಿ ಹೊಡಿಸಿ ನೋಡೀನಿ,” ಎಂದಳು ಆಯಿ. “ಇನ್ನೊಮ್ಮಿ ಹೊಡಸಂಗಿಲ್ಲ.”

“ಅತ್ತಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ,” ಎಂದರು ಅಪ್ಪ. “ಹುಡುಗಿ ಕಾಲೇಜಿನ ಪ್ರಶ್ನೆ ಅದ.”

“ಸಂಬಂಧ ಇಲ್ಲಂತ ನನಗೂ ಗೊತ್ತದ. ಆದ್ರ ನನ್ನ ಕೈ ಏಳಂಗಿಲ್ಲ.”

ದೊಡ್ಡ ಮಾವ ಹೇಳಿ ನೋಡಿದ. ಮಾವನ ಹೆಂಡತಿಯೂ ಹೇಳಿದಳು. ಎರಡು ದಿನ ಇದೇ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಆಯಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಎಲ್ಲರ ಮುಂದೆ ಕೇಳಿದಳು: “ನೀ ಹೇಳವಾ. ನೀ ಹೂಂ ಅಂದ್ರ ಈಗ ಬರ್ತೀನಿ, ಒತ್ತತೀನಿ. ಮುಂದ ಏನರ ಆದ್ರ ಅದೂ ನನ್ನ ಮ್ಯಾಲೇ ಇರ್ಲಿ.”

ಅಕ್ಕ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. “ಬ್ಯಾಡ ಬಿಡ ಆಯಿ,” ಎಂದಳು. ಅಪ್ಪ ಎದ್ದು ಹೊರಗೆ ಹೋದರು.

ನಾನು ಕಂಬಕ್ಕೊರಗಿ ನಿಂತಿದ್ದೆ. ನನಗೆ ಆ ಗಳಿಗೆಯಲ್ಲಿ ಅನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಸಮಾಧಾನವಾಯಿತು. ಕುಟುಂಬಕ್ಕೆ ಒಬ್ಬರೇ ಎಂಬ ಷರತ್ತು ನನಗೆ ಫೆಬ್ರವರಿಯಿಂದ ಬಾಯಿಪಾಠವಾಗಿತ್ತು. ಅಕ್ಕನ ಹೆಸರು ನಮ್ಮ ಕಾರ್ಡಿಗೆ ಬಂದಿದ್ದರೆ ಅರ್ಜಿ ಅವಳದೇ ಆಗುತ್ತಿತ್ತು, ಕಾಲೇಜೂ ಅವಳದೇ. ನಾನು ಆಯಿಯ ಕಡೆ ಒಂದು ಮಾತೂ ಆಡಲಿಲ್ಲ, ಅಪ್ಪನ ಕಡೆಯೂ ಆಡಲಿಲ್ಲ. ಸುಮ್ಮನಿರುವುದು ಅಷ್ಟು ಸುಲಭ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಜೂನ್‌ನಲ್ಲಿ ಫಲಿತಾಂಶ ಬಂತು. ಅಕ್ಕನಿಗೆ ನನಗಿಂತ ನಲವತ್ತೊಂದು ಅಂಕ ಹೆಚ್ಚು. ನನ್ನವೂ ಅರ್ಜಿಗೆ ಸಾಲುವಷ್ಟಿದ್ದವು. ಫಾರ್ಮು ತುಂಬಿದ್ದು ಅಕ್ಕನೇ, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು. ‘ನೀನು ಏಕೆ ಓದಬಯಸುತ್ತೀ’ ಎಂಬ ಪ್ರಶ್ನೆಗೆ ಒಂದು ಪುಟ ಬರೆಯಬೇಕಿತ್ತು. ಅದನ್ನೂ ಅವಳೇ ಬರೆದಳು, ನಾನು ಕೆಳಗೆ ಸಹಿ ಹಾಕಿದೆ. ಅಣ್ಣತಮ್ಮ, ಅಕ್ಕತಂಗಿಯರ ಹೆಸರು ಕೇಳಿದ್ದ ಕಾಲಮ್ಮಿನಲ್ಲಿ ಅವಳು ಸ್ಕೇಲ್ ಇಟ್ಟು ಒಂದು ಅಡ್ಡಗೆರೆ ಎಳೆದಳು. ಅಪ್ಪ ಅದನ್ನು ನೋಡಿ, “ಕಾರ್ಡಿನ್ಯಾಗ ಇದ್ದಂಗ ಹೇಳಬೇಕವಾ. ಒಂದಕ್ಕೊಂದು ಹೊಂದಬೇಕು,” ಎಂದು ನನಗೆ ಹೇಳಿದರು. ಅಕ್ಕ ನಮ್ಮ ವಿಳಾಸ ಬರೆದ ಖಾಲಿ ಲಕೋಟೆಯೊಂದನ್ನು ಫಾರ್ಮಿನ ಜೊತೆ ಇಟ್ಟಳು.

ಜುಲೈನಲ್ಲಿ ಸಂದರ್ಶನಕ್ಕೆ ಕರೆ ಬಂತು. ಅಪ್ಪನಿಗೆ ಅಂಗಡಿ ಬಿಡುವಂತಿಲ್ಲ, ಅವ್ವನಿಗೆ ನಿಗಡಿ ದಾಟಿದರೆ ದಾರಿ ಗೊತ್ತಿಲ್ಲ, ಅಕ್ಕನೇ ನನ್ನನ್ನು ಕರೆದುಕೊಂಡು ಹೊರಟಳು. ಅವ್ವ ಒಂದೇ ಥಾನಿನ ಬಟ್ಟೆ ಹರಿಸಿ ತಂದು ಹೊಲಿಸಿದ್ದ ನೀಲಿ ಹೂವಿನ ಪಂಜಾಬಿ ಡ್ರೆಸ್ಸುಗಳು ನಮ್ಮಿಬ್ಬರ ಹತ್ತಿರವೂ ಇದ್ದವು. ಒಳ್ಳೆಯದೆಂದು ಇದ್ದದ್ದು ಅದೊಂದೇ ಆದ್ದರಿಂದ ಇಬ್ಬರೂ ಅದನ್ನೇ ಹಾಕಿಕೊಂಡೆವು. ಆಕುರ್ಡಿಯಿಂದ ಲೋಕಲ್ ಹಿಡಿದು ಶಿವಾಜಿನಗರದಲ್ಲಿ ಇಳಿದು ನಡೆದೆವು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ನಾನು ಒಳಗೆ ಹೋದೆ.

ಒಳಗೆ ಮೂವರು ಹಿರಿಯರಿದ್ದರು. ನಡುವಿನವರು ನಿವೃತ್ತ ಗಣಿತದ ಮೇಷ್ಟ್ರು. ಒಳ್ಳೆಯವರು, ನಿಧಾನವಾಗಿ ಮರಾಠಿಯಲ್ಲಿ ಮಾತಾಡುತ್ತಿದ್ದರು. ಅಂಕಪಟ್ಟಿ ನೋಡಿದರು. ಆ ಒಂದು ಪುಟವನ್ನು ಮೆಚ್ಚಿಕೊಂಡರು. “ಮನೆಯಲ್ಲಿ ಮೂವರೇ?” ಎಂದರು. ಹೌದು ಎಂದೆ. ಅವರು ಬಾಗಿಲ ಕಡೆ ನೋಡಿದರು. ಬಾಗಿಲು ತೆರೆದೇ ಇತ್ತು. “ಅಲ್ಲಿ ಕೂತಿರುವ ಹುಡುಗಿ ಯಾರು? ನಿನ್ನ ಜೊತೆ ಬಂದಳಲ್ಲ?”

“ಶೇಜಾರಚಿ,” ಎಂದೆ. ಪಕ್ಕದ ಮನೆಯವಳು.

“ಬಟ್ಟೆ ಒಂದೇ ಥರ ಇದೆ.”

“ಅವಳ ತಾಯಿ, ನನ್ನ ತಾಯಿ ಕೂಡಿಯೇ ಅಂಗಡಿಗೆ ಹೋಗಿದ್ದರು.” ಸುಳ್ಳಿಗೆ ಇಷ್ಟು ಬೇಗ ಕೈಕಾಲು ಬರುತ್ತದೆಂದು ನನಗೇ ಆಶ್ಚರ್ಯ. ಹೀಗೆ ಹೇಳು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಅವರು ಅಕ್ಕನನ್ನು ಒಳಗೆ ಕರೆದರು. ಹೊರಗೆ ಸೆಕೆ, ಫ್ಯಾನಿನ ಕೆಳಗೆ ಕೂತುಕೋ ಮಗೂ, ಎಂದು ಕುರ್ಚಿ ತೋರಿಸಿದರು. “ನೀನು ಇವಳ ಪಕ್ಕದ ಮನೆಯವಳಂತೆ,” ಎಂದರು. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಹೌದು ಎಂದಳು. ಯಾವ ತರಗತಿ ಎಂದು ಕೇಳಿದರು. ಇವಳದೇ ಎಂದಳು. ಅಂಕ ಎಷ್ಟು ಎಂದರು. ಹೇಳಿದಳು. ಮೂವರೂ ತಲೆ ಎತ್ತಿದರು.

“ಮತ್ತೆ ನೀನು ಏಕೆ ಅರ್ಜಿ ಹಾಕಲಿಲ್ಲ?”

ನಾನು ನೆಲ ನೋಡುತ್ತಿದ್ದೆ. ಅಕ್ಕನ ಧ್ವನಿಯಲ್ಲಿ ಏನೂ ಹೆಚ್ಚುಕಡಿಮೆ ಆಗಲಿಲ್ಲ. “ನನ್ನನ್ನು ನಮ್ಮ ತಂದೆ ಓದಿಸುತ್ತಾರೆ,” ಎಂದಳು. “ಅಗತ್ಯ ಇರುವವರಿಗೆ ಸಿಗಲಿ ಎಂದು ಹಾಕಲಿಲ್ಲ.” ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಇಂಥ ಸ್ನೇಹಿತೆ ಇರಬೇಕು ಎಂದು ನನಗೆ ಹೇಳಿದರು.

ವಾಪಸ್ ಲೋಕಲ್‌ನಲ್ಲಿ ಕಿಟಕಿಯ ಜಾಗ ಸಿಕ್ಕಿತು. ಅಕ್ಕಾ ಎಂದು ಏನೋ ಶುರು ಮಾಡಿದೆ. ಅವಳು, “ಶೇಜಾರಿ ಅಂದದ್ದ ಛಲೋ ಆತು. ಕಾಕಾನ ಮಗಳು ಅಂದಿದ್ರ ಮತ್ತ ಹತ್ತು ಪ್ರಶ್ನೆ ಕೇಳ್ತಿದ್ರು,” ಎಂದಳು. ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು, ಖಡಕಿ ದಾಟಿ, ದಾಪೋಡಿ ದಾಟಿ, ಪಿಂಪ್ರಿ ಬರುವವರೆಗೂ ಹಾಗೇ ಇತ್ತು. ಎರಡು ವಾರದ ಮೇಲೆ ನನ್ನ ಹೆಸರಿಗೆ ಪತ್ರ ಬಂತು. ಲಕೋಟೆಯ ಮೇಲಿನ ಅಕ್ಷರ ಅಕ್ಕನದು.

ನಾನು ಕಾಲೇಜು ಸೇರಿದೆ. ಅಕ್ಕ ಭೋಸರಿಯಲ್ಲಿ ಒಂದು ಸಣ್ಣ ಕಾರ್ಖಾನೆ ಸೇರಿದಳು. ಗಾಡಿಗಳ ವೈರುಗಳನ್ನು ಬಣ್ಣದ ಪ್ರಕಾರ ಜೋಡಿಸಿ ಟೇಪು ಸುತ್ತುವ ಕೆಲಸ. ಅಪ್ಪನ ಕಾರ್ಖಾನೆ ಮುಂದೆ ತೆರೆಯಿತು, ಆದರೆ ಅಪ್ಪನಂಥವರನ್ನು ಮತ್ತೆ ಒಳಗೆ ಕರೆಯಲಿಲ್ಲ. ಅಕ್ಕನ ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ತೆಗೆಯಲಿಲ್ಲ.

ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ತೋರಿಸಲು ನಾನು ಟ್ರಸ್ಟಿಗೆ ಹೋಗಬೇಕಿತ್ತು. ಮೊದಲ ವರ್ಷ ಹೋದಾಗ ಮೇಷ್ಟ್ರು ನನ್ನ ಅಂಕ ನೋಡಿ ಮುಗಿಸಿ, “ಆ ನಿನ್ನ ಪಕ್ಕದ ಮನೆಯ ಹುಡುಗಿ ಹೇಗಿದ್ದಾಳೆ? ಸೈನ್ಸ್ ತಗೊಂಡಳಾ?” ಎಂದು ಕೇಳಿದರು. ಹೌದು ಎಂದೆ. ಪಾಸಾದಳಾ? ಆದಳು ಎಂದೆ. ಬೇರೇನು ಹೇಳಬಹುದಿತ್ತು ಎಂದು ಆಗಲೂ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ. ನಿಜ ಹೇಳಿದ್ದರೆ ಇಬ್ಬರ ಓದೂ ನಿಲ್ಲುತ್ತಿತ್ತು. ಮನೆಗೆ ಬಂದು ಹೇಗೋ ಬಾಯಿ ತಪ್ಪಿದಂತೆ ಅಕ್ಕನಿಗೆ ಹೇಳಿಬಿಟ್ಟೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದವಳು ತಿರುಗಿ, “ಎಷ್ಟು ಮಾರ್ಕ್ಸ್ ಹಾಕ್ದಿ?” ಎಂದಳು.

ಅದು ಹಾಗೇ ನಡೆದುಕೊಂಡು ಹೋಯಿತು. ಹನ್ನೆರಡನೆಯದನ್ನು ಅಕ್ಕ ಡಿಸ್ಟಿಂಕ್ಷನ್ನಿನಲ್ಲಿ ಮುಗಿಸಿದಳು. ಅದರ ಮುಂದಿನ ವರ್ಷ ಬಿ.ಎಸ್ಸಿ.ಯಲ್ಲಿ ಅವಳ ವಿಷಯ ಯಾವುದು ಎಂದು ಮೇಷ್ಟ್ರು ಕೇಳಿದಾಗ, ಅವರಿಗೆ ಹಿತವಾಗಲಿ ಎಂದು ಗಣಿತ ಎಂದೆ. ಮನೆಗೆ ಬಂದು ಹೇಳಿದರೆ ಅಕ್ಕನ ಮುಖ ಸಪ್ಪಗಾಯಿತು. “ಕೆಮಿಸ್ಟ್ರಿ ಅನಬೇಕಾಗಿತ್ತು,” ಎಂದಳು. ಅವಳಿಗೆ ಕೆಮಿಸ್ಟ್ರಿ ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲ. ಏಳು ವರ್ಷ ಪಕ್ಕದಲ್ಲಿ ಕೂತಿದ್ದೆ, ಕೇಳಿರಲಿಲ್ಲ. ಮರುವರ್ಷ ಹೋದಾಗ ಅವಳು ವಿಷಯ ಬದಲಿಸಿಕೊಂಡಳೆಂದು ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಬೇಸರ ಮಾಡಿಕೊಂಡು, ಇರಲಿ, ಅವಳ ಇಷ್ಟ ಎಂದರು.

ಐದನೆಯ ವರ್ಷ ನನ್ನ ಪದವಿ ಮುಗಿಯಿತು. ಕೊನೆಯ ಅಂಕಪಟ್ಟಿ ತೋರಿಸಲು ಹೋದೆ. ಮೇಷ್ಟ್ರಿಗೆ ವಯಸ್ಸಾಗಿತ್ತು. ಅಂಕಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಶಭಾಶ್ ಎಂದು, ಮೇಜಿನ ಕೆಳಗಿನಿಂದ ಪೇಡೆಯ ಎರಡು ಡಬ್ಬಿ ತೆಗೆದರು. “ಒಂದು ನಿನಗೆ. ಇನ್ನೊಂದು ನಿನ್ನ ಆ ಸ್ನೇಹಿತೆಗೆ. ಅವಳು ನಮ್ಮಿಂದ ಏನೂ ತಗೊಳ್ಳಲಿಲ್ಲ, ಇದನ್ನಾದರೂ ತಗೊಳ್ಳಲಿ.”

ಮನೆಗೆ ಬಂದಾಗ ಅಕ್ಕ ಮೊದಲ ಶಿಫ್ಟ್ ಮುಗಿಸಿ ಬಂದು ಹೊಸ್ತಿಲ ಮೇಲೆ ಕೂತು, ಬೆರಳಿಗೆ ಅಂಟಿದ ಟೇಪಿನ ಗೋಂದನ್ನು ಚಿಮಣಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಡಬ್ಬಿಯನ್ನು ಅವಳ ಮುಂದೆ ಇಟ್ಟೆ, ಯಾರು ಕೊಟ್ಟರೆಂದು ಹೇಳಿದೆ. ಅವಳು ಅದನ್ನು ಮುಟ್ಟಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದಳು:

“ಪಾಸ್ ಆದ್ನೇನ ನಾ?”

“ಆದಿ. ಫಸ್ಟ್ ಕ್ಲಾಸ್.”

“ನಿನಗಿಂತ ಜಾಸ್ತಿನೋ, ಕಮ್ಮಿನೋ?”

“ಜಾಸ್ತಿ,” ಎಂದೆ.

“ಹಂಗಿದ್ರ ಖರೇ ಅನಸ್ತದ,” ಎಂದಳು ಅಕ್ಕ, ಮತ್ತು ಡಬ್ಬಿಯ ದಾರ ಬಿಚ್ಚಿದಳು.